‘ಮನೆಯಲ್ಲೇ ಇದ್ದೀರಾ?’ ಎಂದು ಕೇಳುವ ಕೆಲಸ

ಲೀಡ್ಸ್, ಇಂಗ್ಲೆಂಡ್
6 ಜೂನ್ 2021

ಪ್ರೀತಿಯ ಅಪ್ಪ, ಅಮ್ಮ, ಅಣ್ಣನಿಗೆ,

ಫೋನಿನಲ್ಲಿ ನಮ್ಮ ಮಾತು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ದಿನವಿಡೀ ಫೋನಿನಲ್ಲೇ ಮಾತಾಡಿ ನನಗೂ ಸಾಕಾಗಿರುತ್ತದೆ, ಅದು ಬೇರೆ ವಿಷಯ.

ಅಪ್ಪ, ನೀವು ಕೇಳಿದಿರಿ: ಜನ ಮನೆಯಲ್ಲಿದ್ದಾರೋ ಇಲ್ಲವೋ ಅಂತ ನೀನು ಹೇಗೆ ನೋಡುತ್ತೀ? ನೋಡುವುದೇ ಇಲ್ಲ. ಕೇಳುತ್ತೇನೆ, ಅಷ್ಟೇ. ಯಾರಿಗಾದರೂ ಕೊರೊನಾ ಪಾಸಿಟಿವ್ ಬಂದರೆ, ಅವರ ಹತ್ತಿರ ಇದ್ದವರು 10 ದಿನ ಮನೆಯಿಂದ ಹೊರಗೆ ಬರುವಂತಿಲ್ಲ. ಅಂಥವರಿಗೆ ಇಲ್ಲಿನ ಸರ್ಕಾರದ ಪರವಾಗಿ ನಾವು ಫೋನ್ ಮಾಡುತ್ತೇವೆ. ಹೆಸರು, ಹುಟ್ಟಿದ ತಾರೀಕು ಕೇಳುತ್ತಿದ್ದಂತೆಯೇ ಅರ್ಧ ಜನಕ್ಕೆ ಅನುಮಾನ. ಇದು ಮೋಸದ ಕರೆ ಇರಬಹುದು ಅಂತ. ನಿಮ್ಮ ಬ್ಯಾಂಕಿನ ವಿವರ ಕೇಳುವುದಿಲ್ಲಪ್ಪಾ ಅಂತ ಸಮಾಧಾನ ಮಾಡಬೇಕು. ಆಮೇಲೆ ಮುಖ್ಯವಾದ ಪ್ರಶ್ನೆ. ‘ಮನೆಯಲ್ಲೇ ಇದ್ದೀರಾ?’ ‘ಇದ್ದೀನಿ’ ಅನ್ನುತ್ತಾರೆ. ಹಿಂದಿನಿಂದ ಬಸ್ಸಿನ ಗಂಟೆ ಕೇಳಿಸುತ್ತದೆ. ನಾನು ಮುಂದಿನ ಪ್ರಶ್ನೆಗೆ ಹೋಗುತ್ತೇನೆ.

ಇಲ್ಲಿ ಒಂದು ತಮಾಷೆ ಇದೆ. ಮೊಬೈಲಿನ ಆರೋಗ್ಯ ಆ್ಯಪ್ ‘ಮನೆಯಲ್ಲಿರಿ’ ಅಂದರೆ ಅದು ಬರೀ ಸಲಹೆ. ಆ್ಯಪ್‌ಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ, ಹಾಗೆಯೇ ಮಾಡಿದ್ದಾರೆ. ಅದೇ ಮಾತನ್ನು ನಾವು ಫೋನಿನಲ್ಲಿ ಹೇಳಿದರೆ ಅದು ಕಾನೂನು. ಕಳೆದ ಸೆಪ್ಟೆಂಬರ್ 28ರಿಂದ ಹೀಗೆ. ಮೀರಿದರೆ 1,000 ಪೌಂಡ್ ದಂಡ, ಮತ್ತೆ ಮತ್ತೆ ಮೀರಿದರೆ 10,000ದವರೆಗೆ. ಇದನ್ನು ತಿಳಿದವರು ನಮ್ಮ ಫೋನನ್ನೇ ಎತ್ತುವುದಿಲ್ಲ. ಬುದ್ಧಿವಂತರು, ಅಲ್ವಾ?

ಹೊರದೇಶದಿಂದ ಬಂದವರ ಮನೆಗೆ ಬೇರೆ ಜನ ಹೋಗುತ್ತಾರೆ. ಬಾಗಿಲು ತಟ್ಟಿ, ನೀವೇನಾ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಅನುಮಾನ ಬಂದರೆ ಪೊಲೀಸರಿಗೆ ಹೇಳುತ್ತಾರೆ. ಅದು ನನ್ನ ಕೆಲಸವಲ್ಲ ಅಮ್ಮ, ಗಾಬರಿಯಾಗಬೇಡ.

ಅಣ್ಣ, ‘ಅಲ್ಲಿಯವರಿಗೆ ಶಿಸ್ತು ಜಾಸ್ತಿ, ನಮ್ಮವರಿಗೆ ಬೆನ್ನ ಹಿಂದೆ ಪೊಲೀಸ್ ಬೇಕು’ ಎಂದು ನೀನು ಬರೆದಿದ್ದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹೋದ ವರ್ಷ ಮಾರ್ಚ್‌ನಲ್ಲಿ ನಿನ್ನ ಕೈಗೆ ಕ್ವಾರಂಟೈನ್ ಮುದ್ರೆ ಒತ್ತಿದರು. ಕ್ವಾರಂಟೈನ್ ವಾಚ್ ಆ್ಯಪ್ ಹಾಕಿಸಿ, ಗಂಟೆಗೊಂದು ಸೆಲ್ಫಿ ಕಳಿಸು ಎಂದರು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ರಿಯಾಯಿತಿ. ನೀನು ಬೈದುಕೊಂಡೇ ಎಲ್ಲವನ್ನೂ ಕಳಿಸಿದೆ. ಇಲ್ಲಿ ಸೆಲ್ಫಿ ಇಲ್ಲ, ಮುದ್ರೆ ಇಲ್ಲ. ಏನಾಯಿತು ಗೊತ್ತಾ? ಕಳೆದ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಒಂದು ಸಮೀಕ್ಷೆ ಹೊರತಂದರು. ರೋಗಲಕ್ಷಣ ಬಂದರೆ ಮನೆಯಲ್ಲೇ ಇರುತ್ತೇವೆ ಎಂದು ಸುಮಾರು ಶೇ. 70 ಜನ ಹೇಳಿದ್ದರು. ನಿಜವಾಗಿ ಲಕ್ಷಣ ಬಂದವರಲ್ಲಿ ಪೂರ್ತಿ ಮನೆಯಲ್ಲೇ ಇದ್ದವರು ಶೇ. 18ರಷ್ಟು ಮಾತ್ರ. ಶಿಸ್ತು ಎಲ್ಲಿ ಹೋಯಿತು?

ಸುಳ್ಳು ಹೇಳುವವರ ಮೇಲೆ ಮೊದಮೊದಲು ನನಗೂ ಕೋಪ ಬರುತ್ತಿತ್ತು. ಈಗ ಕಡಿಮೆಯಾಗಿದೆ. ಯಾಕೆಂದರೆ ‘ಮನೆಯಲ್ಲೇ ಇದ್ದೀರಾ?’ ಎಂಬ ಪ್ರಶ್ನೆಗೆ ‘ಮನೆಯಲ್ಲಿದ್ದರೆ ಸಂಬಳ ಯಾರು ಕೊಡ್ತಾರೆ?’ ಎಂಬ ಉತ್ತರವೇ ಜಾಸ್ತಿ. ಕಚೇರಿ ಗುಡಿಸುವ ಒಬ್ಬ ಹೆಂಗಸು ನನಗೇ ಲೆಕ್ಕ ಕೇಳಿದಳು. ರಜೆ ಹಾಕಿದರೆ ಕಾನೂನಿನ ಪ್ರಕಾರ ವಾರಕ್ಕೆ ಸಿಗುವುದು 96.35 ಪೌಂಡ್. ಅದೂ ವಾರಕ್ಕೆ ಕನಿಷ್ಠ 120 ಪೌಂಡ್ ದುಡಿಯುತ್ತಿದ್ದರೆ ಮಾತ್ರ. ಅವಳದು ಎರಡು ಕಡೆ ಅರ್ಧರ್ಧ ಹೊತ್ತಿನ ಕೆಲಸ, ಯಾವುದರಲ್ಲೂ ಅಷ್ಟಾಗುವುದಿಲ್ಲ. ಅಂದರೆ ಸೊನ್ನೆ. ಬಡವರಿಗೆಂದು 500 ಪೌಂಡ್ ಸಹಾಯಧನವೇನೋ ಇದೆ. ನಗರಸಭೆಗೆ ಅರ್ಜಿ ಹಾಕಬೇಕು, ಇಂತಿಂಥ ಸರ್ಕಾರಿ ನೆರವು ಪಡೆಯುತ್ತಿರಬೇಕು, ನೂರೆಂಟು ಷರತ್ತು. ಹಣ ಕೈಗೆ ಬರುವ ಹೊತ್ತಿಗೆ ಬಾಡಿಗೆಯ ದಿನ ದಾಟಿರುತ್ತದೆ. ದಂಡದ ಬೆದರಿಕೆ ಮಾತ್ರ ಮೊದಲ ಕರೆಯಲ್ಲೇ ತಲುಪುತ್ತದೆ. ಇನ್ನೊಬ್ಬನಿಗೆ ಅವನ ಮಾಲೀಕನೇ ‘ಬಾ, ಯಾರಿಗೂ ಹೇಳಬೇಡ’ ಅಂದಿದ್ದನಂತೆ. ಗೊತ್ತಿದ್ದೂ ಕೆಲಸಕ್ಕೆ ಕರೆಸಿದರೆ ಮಾಲೀಕನಿಗೂ ದಂಡವಿದೆ. ಆದರೆ ಕೂಲಿಯವನು ಮಾಲೀಕನ ಮೇಲೆ ದೂರು ಕೊಡುತ್ತಾನಾ?

ತೈವಾನಿನ ವಿಷಯ ಕೇಳಿದ್ದೀರಾ? ಅಲ್ಲಿ ತಪಾಸಣೆ ಎಷ್ಟು ಬಿಗಿ ಎಂದರೆ, ಮೊಬೈಲ್ ಟವರಿನ ಸಿಗ್ನಲ್ ನೋಡಿಯೇ ಮನುಷ್ಯ ಹೊರಗೆ ಹೋದದ್ದನ್ನು ಹಿಡಿಯುತ್ತಾರೆ. ಕಳೆದ ಡಿಸೆಂಬರ್‌ನಲ್ಲಿ ಫಿಲಿಪೀನ್ಸ್‌ನ ಒಬ್ಬ ಕೆಲಸಗಾರ ಕಾವೊಶಿಯುಂಗ್ ನಗರದ ಹೋಟೆಲಿನಲ್ಲಿ ಎಂಟು ಸೆಕೆಂಡು ಕೋಣೆಯಿಂದ ಹೊರಗೆ ಕಾಲಿಟ್ಟಿದ್ದಕ್ಕೆ ಒಂದು ಲಕ್ಷ ತೈವಾನ್ ಡಾಲರ್ ದಂಡ ಹಾಕಿದರು. ಇದು ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆದರೆ ಅದೇ ಸರ್ಕಾರ ನಿಯಮ ಪಾಲಿಸಿದವರಿಗೆ ದಿನಕ್ಕೆ 1,000 ತೈವಾನ್ ಡಾಲರ್ ಕೊಡುತ್ತದೆ. ವಾರ್ಡಿನ ಅಧಿಕಾರಿ ಫೋನ್ ಮಾಡಿ ವಿಚಾರಿಸುತ್ತಾನೆ, ಬಾಗಿಲಿಗೆ ಆಹಾರದ ಚೀಲವೂ ಬರುತ್ತದೆ. ಪತ್ರಿಕೆಗಳು ಎಂಟು ಸೆಕೆಂಡಿನ ಸುದ್ದಿಯನ್ನೇ ದೊಡ್ಡದು ಮಾಡುತ್ತವೆ. ಚೀಲದ ಸುದ್ದಿ ಯಾರಿಗೆ ಬೇಕು?

ಈ ದೇಶಕ್ಕೇನೂ ಇದು ಹೊಸದಲ್ಲ. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗ್ ಬಂದಾಗ ರೋಗಿಯ ಮನೆಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಬಾಗಿಲಿಗೆ ಹಗಲಿಗೊಬ್ಬ, ರಾತ್ರಿಗೊಬ್ಬ ಕಾವಲುಗಾರ. ಕ್ರೂರವೇ ಸರಿ. ಆದರೂ ಒಳಗಿದ್ದವರಿಗೆ ಬೇಕಾದ ಸಾಮಾನು ತಂದುಕೊಡುವುದೂ ಆ ಕಾವಲುಗಾರನ ಕೆಲಸವೇ ಆಗಿತ್ತು. ನಮಗೆ ಹೆಡ್‌ಫೋನ್ ಕೊಟ್ಟಿದ್ದಾರೆ, ಚೀಲ ಕೊಟ್ಟಿಲ್ಲ. ಸುಮ್ನೆ ಹೇಳಬಾರದು, ಔಷಧಿ, ದಿನಸಿ ತಂದುಕೊಡುವ ಸ್ವಯಂಸೇವಕರು ಇದ್ದಾರೆ. ಹೋದ ವರ್ಷ ಸರ್ಕಾರ ಕರೆ ಕೊಟ್ಟಾಗ ಕೆಲವೇ ದಿನಗಳಲ್ಲಿ ಏಳೂವರೆ ಲಕ್ಷ ಜನ ಹೆಸರು ಕೊಟ್ಟರು. ಆ ಸಹಾಯದ ಬಗ್ಗೆ ಹೇಳಿದಾಗ ಫೋನಿನ ಆ ಕಡೆಯ ದನಿಯೇ ಬದಲಾಗುತ್ತದೆ. ಆದರೆ ಸ್ವಯಂಸೇವಕರು ಬಾಡಿಗೆ ಕಟ್ಟುವುದಕ್ಕಾಗುವುದಿಲ್ಲವಲ್ಲ.

ಇನ್ನು ಕೆಲವರು ಜಗಳಕ್ಕೇ ನಿಲ್ಲುತ್ತಾರೆ. ‘ಪ್ರಧಾನಿಯ ಸಲಹೆಗಾರ ಹೋಗಬಹುದು, ನಾನು ಹೋಗಬಾರದಾ?’ ಡೊಮಿನಿಕ್ ಕಮಿಂಗ್ಸ್ ಕಥೆ ಅದು. ಹೋದ ವರ್ಷ ಲಾಕ್‌ಡೌನ್ ಇದ್ದಾಗ, ಹೆಂಡತಿಗೆ ಹುಷಾರಿಲ್ಲದಿದ್ದರೂ ಲಂಡನ್ನಿನಿಂದ 260 ಮೈಲಿ ಕಾರಿನಲ್ಲಿ ಡರಮ್‌ಗೆ ಹೋಗಿದ್ದರು. ಅದಕ್ಕಾಗಿ ದಂಡವೂ ಇಲ್ಲ, ರಾಜೀನಾಮೆಯೂ ಇಲ್ಲ. ವರ್ಷವಾದರೂ ಜನ ಮರೆತಿಲ್ಲ. ಇದಕ್ಕೆ ನಮಗೆ ಕೊಟ್ಟ ಹಾಳೆಯಲ್ಲಿ ಉತ್ತರವಿಲ್ಲ, ನನ್ನ ಹತ್ತಿರವೂ ಇಲ್ಲ.

ಅಮ್ಮ, ಊರಿಗೆ ಯಾವಾಗ ಬರುತ್ತೀ ಅಂತ ಕೇಳಿದ್ದೀ. ಏಪ್ರಿಲ್ 23ರಿಂದ ಭಾರತ ಇಲ್ಲಿನ ಕೆಂಪು ಪಟ್ಟಿಯಲ್ಲಿದೆ. ಬಂದು ವಾಪಸ್ ಹೋದರೆ ಸರ್ಕಾರ ಹೇಳಿದ ಹೋಟೆಲಿನಲ್ಲೇ 10 ದಿನ ಇರಬೇಕು. ಅದಕ್ಕೆ 1,750 ಪೌಂಡ್, ನಮ್ಮ ಕೈಯಿಂದಲೇ. ಪಟ್ಟಿ ಬದಲಾಗುವವರೆಗೆ ಆಗುವ ಮಾತಲ್ಲ.

ಹಿಂದಿನ ಬೀದಿಯಲ್ಲಿ ಒಂದು ಮನೆಯವರೆಲ್ಲ ಪಾಸಿಟಿವ್, ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ ಅಂತ ಬರೆದಿದ್ದೀರಿ. ಅವರು ಹೊರಗೆ ಬಂದರೋ ಇಲ್ಲವೋ ಅಂತ ಅಕ್ಕಪಕ್ಕದವರು ಕಾಯುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಅವರಿಗೆ ಹಾಲು, ಔಷಧಿ ಯಾರು ತಂದುಕೊಡುತ್ತಿದ್ದಾರೆ? ಅದನ್ನು ಬರೆದಿಲ್ಲ. ಅಣ್ಣ, ಯಾರೂ ಇಲ್ಲ ಅಂತಾದರೆ ಮಾಸ್ಕ್ ಹಾಕಿಕೊಂಡು ಗೇಟಿನ ಹತ್ತಿರ ಇಟ್ಟು ಬಾ. ದುಡ್ಡು ನಾನು ಕಳಿಸುತ್ತೇನೆ. ಅಪ್ಪ, ಎರಡನೇ ಲಸಿಕೆಯ ತಾರೀಕು ಸಿಕ್ಕಿತಾ? ತಿಳಿಸಿ.

ಇಂತಿ ನಿಮ್ಮ ಪ್ರೀತಿಯ
ಮಗಳು