ಬೇಳೆ ಡಿಪ್: ನೀರಿನ ಅಳತೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಅಡುಗೆ ಪುಟಗಳಲ್ಲಿ ಈಚೆಗೆ ಬೇಳೆಯ ಡಿಪ್‌ಗಳೂ, ಅಂದರೆ ತಿನಿಸನ್ನು ಅದ್ದಿಕೊಂಡು ತಿನ್ನುವ ಗಟ್ಟಿ ಚಟ್ನಿಯಂಥವೂ, ಕಾಣಿಸಿಕೊಳ್ಳುತ್ತಿವೆ. ಮಯೊನೀಸ್‌ನಲ್ಲಿ ಬಹುಪಾಲು ಎಣ್ಣೆಯೇ ಇರುವುದರಿಂದ ಮಕ್ಕಳಿಗೆ ಅದರ ಬದಲು ಬೇಳೆಯ ರುಚಿ ಹತ್ತಿಸುವುದು ಒಳ್ಳೆಯ ಕೆಲಸ. ಆದರೆ ‘ಬೇಳೆ ಮೆತ್ತಗೆ ಬೇಯಿಸಿ, ಬೇಕಾದಷ್ಟು ನೀರು ಹಾಕಿ ರುಬ್ಬಿ’ ಎಂದು ಬರೆದರೆ ಸಾಲದು. ಸಾರಿಗೆ ನೀರು ಹೆಚ್ಚಾದರೆ ಇನ್ನೊಂದಿಷ್ಟು ಕುದಿಸಿಕೊಳ್ಳಬಹುದು. ನಿಂಬೆರಸ, ಎಣ್ಣೆ ಸೇರಿಸಿ ರುಬ್ಬಿದ ಡಿಪ್ಪನ್ನು ಮತ್ತೆ ಒಲೆಗಿಟ್ಟರೆ ರುಚಿ ಕೆಡುತ್ತದೆ.

ಇದಕ್ಕೆ ಚನ್ನಂಗಿ ಬೇಳೆ, ಅಂದರೆ ಅಂಗಡಿಯಲ್ಲಿ ಮಸೂರ್ ಎಂದು ಸಿಗುವ ಕಿತ್ತಳೆ ಬಣ್ಣದ ಬೇಳೆಯೇ ಸರಿ. ನೆನೆಸುವ ಅಗತ್ಯವಿಲ್ಲ, ಬೇಗ ಕರಗುತ್ತದೆ. 100 ಗ್ರಾಂ ಬೇಳೆಗೆ 250 ಮಿ.ಲೀ. ನೀರು. ಕುಕ್ಕರ್ ಬೇಡ: ಈ ಬೇಳೆಯ ನೊರೆ ಎದ್ದು ಸೀಟಿಯ ತೂತಿಗೆ ಸಿಕ್ಕಿಕೊಳ್ಳುತ್ತದೆ, ನೀರೂ ಆವಿಯಾಗದೆ ಒಳಗೇ ಉಳಿಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಕುದಿ ಬಂದಾಗ ನೊರೆ ತೆಗೆದು, ಮುಚ್ಚಳವನ್ನು ಅರ್ಧ ಸರಿಸಿ, ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಇಡಿ. ಕೊನೆಯ ಐದು ನಿಮಿಷಕ್ಕೆ ಮೂರು ಎಸಳು ಬೆಳ್ಳುಳ್ಳಿ ಹಾಕಿ. ಹಸಿಯಾಗಿ ರುಬ್ಬಿದರೆ ಅದರ ಖಾರ ಬೇಳೆಯ ರುಚಿಯನ್ನೇ ನುಂಗಿಬಿಡುತ್ತದೆ. ಸೌಟಿನಿಂದ ತಳ ಎಳೆದಾಗ ಪಾತ್ರೆಯ ತಳ ಒಂದೆರಡು ಕ್ಷಣ ಕಂಡು, ಬೇಳೆ ನಿಧಾನವಾಗಿ ಕೂಡಿಕೊಂಡರೆ ಉರಿ ಆರಿಸಿ. ಆಗ ಸ್ವಲ್ಪ ತೆಳ್ಳಗೆ ಕಾಣುತ್ತದೆ, ಚಿಂತೆ ಬೇಡ, ಆರುತ್ತಾ ಗಟ್ಟಿಯಾಗುತ್ತದೆ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಬೇಳೆ ಬೇಯುವುದಿಲ್ಲವೆಂದು ಅಡುಗೆ ಸೋಡಾ ಹಾಕುವ ರೂಢಿ ಇದೆ. ದಯವಿಟ್ಟು ಹಾಕಬೇಡಿ. ಸೋಡಾ ಬೇಳೆಯ ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ, ಸೋಪಿನಂಥ ರುಚಿಯನ್ನೂ ಬಿಡುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಬಿರುಸಾಗಿಸುವುದರಿಂದ, ಕುಡಿಯಲು ಗಡಸುತನ ತೆಗೆದು ಶುದ್ಧೀಕರಿಸಿದ ನೀರಿನಲ್ಲೇ ಬೇಯಿಸಿ. ಹುಳಿಯದೂ ಇದೇ ತೊಂದರೆ. ನಿಂಬೆರಸವನ್ನು ಮೊದಲೇ ಹಿಂಡಿದರೆ ಬೇಳೆ ಬೇಗ ಕರಗದೆ ಕಾಳುಕಾಳಾಗಿ ಉಳಿಯುತ್ತದೆ.

ಎರಡು ದೊಡ್ಡ ಚಮಚ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗಷ್ಟೇ ಹುರಿಯಿರಿ. ಕಂದು ಬಣ್ಣಕ್ಕೆ ತಿರುಗಿದರೆ ಡಿಪ್ ಕಹಿಯಾಗುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಎಳ್ಳನ್ನೂ ಅರ್ಧ ಚಮಚ ಹುರಿದ ಜೀರಿಗೆಯನ್ನೂ ಮೊದಲು ಒಣಗಿದ್ದಾಗಲೇ ಪುಡಿ ಮಾಡಿಕೊಳ್ಳಿ. ಬೇಳೆಯ ಜೊತೆ ಹಾಕಿದರೆ ನುಣ್ಣಗಾಗದು. ಆ ಪುಡಿಗೆ ಪೂರ್ತಿ ಆರಿದ ಬೇಳೆ, ಅರ್ಧ ಸಣ್ಣ ಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ, ಒಂದು ದೊಡ್ಡ ಚಮಚ ಕುಸುಬೆ ಎಣ್ಣೆ ಅಥವಾ ಶೇಂಗಾ ಎಣ್ಣೆ ಸೇರಿಸಿ ರುಬ್ಬಿ. ಬಿಸಿಯಾಗಿದ್ದಾಗಲೇ ರುಬ್ಬಿದರೆ ಆವಿಯ ಒತ್ತಡಕ್ಕೆ ಮಿಕ್ಸಿಯ ಮುಚ್ಚಳ ಹಾರಿ ಕೈ ಸುಟ್ಟೀತು.

ಕೈಮೀರಿ ತೆಳ್ಳಗಾದರೆ ಒಂದು ಚಮಚ ಹುರಿಗಡಲೆ ಪುಡಿ ಬೆರೆಸಿ ಹತ್ತು ನಿಮಿಷ ಬಿಡಿ, ನೀರು ಹೀರಿಕೊಳ್ಳುತ್ತದೆ. ಫ್ರಿಜ್‌ನಲ್ಲಿ ಕಲ್ಲಿನಂತಾದರೆ ಒಂದು ಚಮಚ ಬಿಸಿನೀರು ಸಾಕು.

100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ; ನಾಲ್ವರು ಹಂಚಿಕೊಂಡರೆ ತಲಾ 6 ಗ್ರಾಂ. ಇದನ್ನು ಕರಿದ ಚಿಪ್ಸ್ ಜೊತೆ ಕೊಟ್ಟರೆ ಏನು ಉಪಯೋಗ? ಸೌತೆಕಾಯಿ, ಗಜ್ಜರಿ, ಖಡಕ್ ಜೋಳದ ರೊಟ್ಟಿ ಇರಲಿ. ಫ್ರಿಜ್‌ನಲ್ಲಿ ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ, ಒಣ ಚಮಚವನ್ನೇ ಬಳಸಿ. ಬೇಸಿಗೆಯಲ್ಲಿ ಶಾಲೆಯ ಡಬ್ಬಿಗೆ ಹಾಕುವುದಂತೂ ಬೇಡ, ಹಳಸುತ್ತದೆ. ಸಂಜೆ ಮನೆಗೆ ಬಂದ ಮೇಲೆ ಕೊಡಿ.

ತಮ್ಮಲ್ಲಿ ಕೋರಿಕೆ ಒಂದೇ: ಪಾಕವಿಧಾನಗಳಲ್ಲಿ ‘ಒಂದು ಲೋಟ’ ಎನ್ನುವ ಬದಲು ಗ್ರಾಂ ಮತ್ತು ಮಿ.ಲೀ.ಗಳಲ್ಲಿ ಅಳತೆ ಕೊಡಿಸಿ. ಒಂದೇ ಮನೆಯಲ್ಲಿ 150 ಮಿ.ಲೀ. ಲೋಟವೂ ಇರುತ್ತದೆ, 250ರದ್ದೂ ಇರುತ್ತದೆ.

– ಗೃಹವಿಜ್ಞಾನ ಶಿಕ್ಷಕಿ, ಧಾರವಾಡ