21 ದಿನದ ಲೆಕ್ಕ ಬಿಡಿ, ರಾತ್ರಿ ಒಂದು ಚೀಟಿ ಬರೀರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ, 21 ದಿನ ಬಿಡದೆ ಮಾಡಿದ್ರೆ ಯಾವ ಅಭ್ಯಾಸ ಬೇಕಾದ್ರೂ ಮೈಗೂಡುತ್ತೆ ಅಂತ ಒಂದು ಲೇಖನ ಹಾಕಿದ್ರಿ. ನನ್ನ ಹೆಂಡತಿ ಅದನ್ನ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಾಳೆ, ನಾನು ನೋಡ್ಲಿ ಅಂತಾನೇ. ದಿನಾ ಕಣ್ಣಿಗೆ ಬೀಳ್ತಿರೋದ್ರಿಂದ ಈ ಪತ್ರ ಬರೀಲೇಬೇಕಾಯ್ತು, ಯಾಕಂದ್ರೆ ಈ 21ರ ಲೆಕ್ಕ ನಂಬಿ ನಾನು ಒಂದಲ್ಲ, ಮೂರು ಸಲ ಕೆಟ್ಟಿದೀನಿ.

ಮೊದಲನೇ ಸಲ ಬೆಳಗ್ಗೆ 5 ಗಂಟೆಗೆ ಏಳೋದು, ಎರಡನೇ ಸಲ ವಾಕಿಂಗು, ಮೂರನೇ ಸಲ ಆಫೀಸಿಗೆ ಹೋದ ತಕ್ಷಣ ಮೇಲ್ ನೋಡದೆ ದೊಡ್ಡ ಕೆಲಸಕ್ಕೆ ಕೈ ಹಾಕೋದು. ಅಗಸ ಹೊಸದರಲ್ಲಿ ಗೋಣಿ ಎತ್ತೆತ್ತಿ ಒಗೆದ ಅನ್ನೋ ಹಾಗೆ ಮೊದಲ ವಾರ ಏನ್ ಉತ್ಸಾಹ ಅಂತೀರಿ, ಕ್ಯಾಲೆಂಡರಿನಲ್ಲಿ ಟಿಕ್ ಮೇಲೆ ಟಿಕ್, ಹೆಂಗೋ ಎಳ್ಕೊಂಡು 21 ಮುಟ್ಟಿಸಿದೆ, 22ನೇ ದಿನ ಅಲಾರಂ ಹೊಡ್ಕೊಂಡಾಗ ನೋಡಿದ್ರೆ ಮೊದಲನೇ ದಿನ ಎಷ್ಟು ಕಷ್ಟ ಆಗಿತ್ತೋ ಅಷ್ಟೇ ಕಷ್ಟ. ಈ ಹೊತ್ತಿಗೆ ಅಭ್ಯಾಸ ಆಗಿರ್ಬೇಕಿತ್ತಲ್ಲ, ಆಗಿಲ್ಲ ಅಂದ್ರೆ ನನ್ನಲ್ಲೇ ಏನೋ ಐಬಿದೆ ಅಂದ್ಕೊಂಡು ಮುಸುಕು ಎಳ್ಕೊಂಡೆ. ಮೂರು ಸಲಾನೂ ಹೀಗೇ.

ಆಮೇಲೆ ಒಂದಿನ ಕೂತು ಈ 21 ಎಲ್ಲಿಂದ ಬಂತು ಅಂತ ಹುಡುಕಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ರು 1960ರಲ್ಲಿ ಬರೆದಿದ್ದಂತೆ ಅದು. ಮುಖದ ಆಪರೇಷನ್ ಮಾಡಿಸ್ಕೊಂಡೋರು ಕನ್ನಡಿಯಲ್ಲಿ ಕಾಣೋ ಹೊಸ ಮೂಗಿಗೆ ಹೊಂದ್ಕೊಳ್ಳೋಕೆ ಕಡಿಮೆ ಅಂದ್ರೂ ಸುಮಾರು 21 ದಿನ ಬೇಕು ಅಂತ ಅವರು ಗಮನಿಸಿದ್ರು. ಬಾಯಿಂದ ಬಾಯಿಗೆ ಹೋಗ್ತಾ ಹೋಗ್ತಾ "ಕಡಿಮೆ ಅಂದ್ರೂ" ಉದುರಿಹೋಯ್ತು, ಮೂಗೂ ಉದುರಿಹೋಯ್ತು, 21 ಒಂದು ಉಳ್ಕೊಂಡ್ತು.

ಇದನ್ನ ಸರಿಯಾಗಿ ಅಳೆದು ನೋಡಿದೋರು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತೆ ಅವರ ಜೊತೆಯೋರು, 2009ರಲ್ಲಿ. 96 ಜನ, 84 ದಿನ, ಒಬ್ಬೊಬ್ರಿಗೆ ಒಂದೊಂದೇ ಅಭ್ಯಾಸ. ಯೋಚ್ನೆ ಮಾಡದೆ ತಾನಾಗೇ ಆಗೋ ಹಂತಕ್ಕೆ ಬರೋಕೆ ಹೆಚ್ಚುಕಮ್ಮಿ 66 ದಿನ ಅಂತ ಬಂತು, ಅದರಲ್ಲೂ ಒಬ್ಬರಿಗೆ 18 ದಿನ ಸಾಕು, 84 ದಿನದಲ್ಲೂ ಆ ಹಂತ ಮುಟ್ಟದ ಇನ್ನೊಬ್ಬರ ಅಂದಾಜು ಲೆಕ್ಕ 254ಕ್ಕೆ ಹೋಗಿ ನಿಂತಿತು. ಒಂದು ಲೋಟ ನೀರು ಕುಡಿಯೋ ಅಭ್ಯಾಸ ಬೇಗ ಹತ್ತುತ್ತೆ, ವ್ಯಾಯಾಮ ಅಷ್ಟು ಸುಲಭಕ್ಕೆ ಹತ್ತಲ್ಲ. ನನಗೆ ಸಮಾಧಾನ ಕೊಟ್ಟಿದ್ದು ಇನ್ನೊಂದು ವಿಷ್ಯ, ನಡುವೆ ಒಂದು ದಿನ ತಪ್ಪಿದ್ರೆ ಅಂಥಾ ವ್ಯತ್ಯಾಸ ಏನೂ ಆಗಲ್ವಂತೆ. ಈ ಆ್ಯಪುಗಳು ಒಂದು ದಿನ ತಪ್ಪಿದ ಕೂಡ್ಲೇ ಎಣಿಕೆನ ಸೊನ್ನೆಗೆ ಇಳಿಸಿ ಬಿಡ್ತಾವಲ್ಲ, ಅದು ನೋಡಿದ್ರೆ ನನಗೆ ಪಿತ್ತ ನೆತ್ತಿಗೇರುತ್ತೆ.

ಇನ್ನು ಆದ್ಯತೆ ವಿಷ್ಯ. ಲೇಖನದಲ್ಲಿ ಹತ್ತು ಅಭ್ಯಾಸದ ಪಟ್ಟಿ ಕೊಟ್ಟು ನಾಳೆಯಿಂದ್ಲೇ ಶುರು ಮಾಡಿ ಅಂದಿದ್ರಿ. ಹತ್ತೂ ಒಟ್ಟಿಗೆ ಅಂದ್ರೆ ಆರಂಭಶೂರತ್ವಕ್ಕೆ ಲೈಸೆನ್ಸ್ ಕೊಟ್ಟ ಹಾಗಾಯ್ತು. ನನಗೆ ಕೊನೆಗೂ ಹತ್ತಿದ್ದು ಒಂದೇ ಒಂದು. ರಾತ್ರಿ ಮಲಗೋ ಮುಂಚೆ ಮಾರನೇ ದಿನದ ಕೆಲಸ ಚೀಟಿಯಲ್ಲಿ ಬರೆದಿಡೋದು.

ಇದು ನನ್ನ ತಲೆಯಿಂದ ಬಂದಿದ್ದಲ್ಲ, ನೂರು ವರ್ಷಕ್ಕಿಂತ ಹಳೇದು. 1918ರಲ್ಲಿ ಐವಿ ಲೀ ಅನ್ನೋ ಸಲಹೆಗಾರರು ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಮುಖ್ಯಸ್ಥ ಚಾರ್ಲ್ಸ್ ಶ್ವಾಬ್ ಅವರಿಗೆ ಹೇಳಿಕೊಟ್ರು ಅಂತಾರೆ: ಸಂಜೆ ಮಾರನೇ ದಿನದ ಆರು ಕೆಲಸ ಬರೀರಿ, ಮುಖ್ಯವಾದದ್ದು ಮೇಲೆ ಬರೋ ಹಾಗೆ ನಂಬರ್ ಹಾಕಿ, ಬೆಳಗ್ಗೆ ಒಂದನೇದು ಮುಗಿಯೋವರೆಗೂ ಎರಡನೇದನ್ನ ಮುಟ್ಟಬೇಡಿ, ಉಳಿದದ್ದು ನಾಳೆಯ ಪಟ್ಟಿಗೆ. ಮೂರು ತಿಂಗಳಾದ ಮೇಲೆ ಶ್ವಾಬ್ ಖುಷಿಯಾಗಿ 25 ಸಾವಿರ ಡಾಲರ್ ಚೆಕ್ ಬರೆದುಕೊಟ್ರು ಅಂತ ಕಥೆ. ಚೆಕ್ಕಿನ ಕಥೆಗೆ ಎಷ್ಟು ಉಪ್ಪುಖಾರ ಸೇರಿದ್ಯೋ ಏನೋ, ಪದ್ಧತಿ ಮಾತ್ರ ಅಪ್ಪಟ. ನನಗೆ ಆರು ಜಾಸ್ತಿಯಾಯ್ತು, ಮೂರಕ್ಕೆ ಇಳಿಸ್ಕೊಂಡೆ.

ಆದ್ರೆ ಚೀಟಿ ಬರೆದ ಮಾತ್ರಕ್ಕೆ ಕೆಲಸ ಆಗಲ್ಲ. ಹಳೇ ಚೀಟಿಗಳನ್ನೆಲ್ಲ ಕ್ಲಿಪ್ ಹಾಕಿ ಇಟ್ಟಿರ್ತೀನಿ, ನಾಲ್ಕನೇ ಕ್ಲಾಸಿನ ಮಗಳು ಒಂದಿನ ಅದನ್ನ ತಿರುವಿ ಹಾಕ್ತಾ "ಅಪ್ಪಾ, ನಿಂಗೂ ಕಾಪಿ ರೈಟಿಂಗ್ ಕೊಟ್ಟಿದಾರಾ?" ಅಂದ್ಲು. ಯಾಕೆ ಅಂತ ನೋಡಿದ್ರೆ "ವಾರ್ಷಿಕ ರಿಪೋರ್ಟ್ ಮುಗಿಸು" ಅಂತ ಹನ್ನೊಂದು ಚೀಟಿಯಲ್ಲಿ, ಹನ್ನೊಂದರಲ್ಲೂ ಒಂದನೇ ನಂಬರ್, ಅಕ್ಷರ ದಿನದಿಂದ ದಿನಕ್ಕೆ ಕೆಟ್ಟಿದೆ ಅಷ್ಟೇ ವ್ಯತ್ಯಾಸ. ನಾಚಿಕೆ ಆಯ್ತು. ಆಮೇಲೆ ಹೊಳೀತು, ನಾನು ಬರೆದಿದ್ದು ಕೆಲಸಾನೇ ಅಲ್ಲ, ಅದು ಒಂದು ಗುಡ್ಡ. ಬೆಳಗ್ಗೆ ಕುರ್ಚಿಯಲ್ಲಿ ಕೂತು ಚೀಟಿ ನೋಡಿದಾಗ ಗುಡ್ಡದ ಯಾವ ಕಡೆಯಿಂದ ಹತ್ತಬೇಕು ಅಂತ ಗೊತ್ತಾಗದೆ ಕೈ ತಾನಾಗೇ ಮೇಲ್ ಕಡೆ ಹೋಗ್ತಿತ್ತು. ಅವತ್ತು ರಾತ್ರಿ ಅದನ್ನ ಹೊಡೆದು "ಹೋದ ವರ್ಷದ ಫೈಲ್ ತೆಗೆದು ಮೊದಲ ಎರಡು ಟೇಬಲ್ ತುಂಬು" ಅಂತ ಬರೆದೆ, ಮಾರನೇ ದಿನ ಹತ್ತೂವರೆ ಒಳಗೆ ಆಗಿಹೋಯ್ತು. ಈಗ ಒಂದು ಕೆಲಸ ಮೂರು ದಿನ ಮುಂದಕ್ಕೆ ಹೋಯ್ತು ಅಂದ್ರೆ ಬೈಕೊಳ್ಳಲ್ಲ, ಒಡೆದು ಚಿಕ್ಕದು ಮಾಡ್ತೀನಿ, ಇಲ್ಲಾ ಇದು ನಿಜಕ್ಕೂ ಬೇಕಾ ಅಂತ ಕೇಳ್ಕೊಂಡು ಕಾಟು ಹಾಕ್ತೀನಿ.

ಒಂದನೇ ನಂಬರ್ ಯಾವುದಕ್ಕೆ ಅನ್ನೋದೇ ದೊಡ್ಡ ತಲೆನೋವು. ಅರ್ಜೆಂಟ್ ಅನ್ನೋದು ಮುಖ್ಯ ಅನ್ನೋದರ ವೇಷ ಹಾಕ್ಕೊಂಡು ಬರುತ್ತೆ ನೋಡಿ. 2018ರಲ್ಲಿ ಮೆಂಗ್ ಝು ಮತ್ತೆ ಜೊತೆಯೋರು ಪ್ರಕಟಿಸಿದ ಪ್ರಯೋಗಗಳಲ್ಲಿ, ಲಾಭ ಜಾಸ್ತಿ ಇರೋ ಕೆಲಸ ಬಿಟ್ಟು, ಗಡುವು ಹತ್ರ ಇದೆ ಅನ್ನೋ ಒಂದೇ ಕಾರಣಕ್ಕೆ ಲಾಭ ಕಮ್ಮಿ ಇರೋದನ್ನ ಜನ ಆರಿಸ್ಕೊಂಡ್ರಂತೆ. ನಾನಂತೂ ಇದಕ್ಕೆ ಜೀವಂತ ಸಾಕ್ಷಿ, ನಾಲ್ಕು ತಿಂಗಳು ಬಿಪಿ ಚೆಕ್ ಮಾಡಿಸೋದು ಮುಂದೆ ಹಾಕ್ಕೊಂಡು ಬಂದು ಅದೇ ನಾಲ್ಕು ತಿಂಗಳಲ್ಲಿ ಆಫೀಸ್ ಗ್ರೂಪಿನ ಒಂದೊಂದು ಮೆಸೇಜಿಗೂ ತಪ್ಪದೆ ಉತ್ತರ ಕೊಟ್ಟಿದೀನಿ. ಈಗ ಚೀಟಿ ಬರೆಯುವಾಗ ಒಂದೇ ಪ್ರಶ್ನೆ, ಇದು ನಾಳೆ ಆಗದಿದ್ರೆ ಒಂದು ತಿಂಗಳ ಮೇಲೂ ಅದರ ಪೆಟ್ಟು ಬೀಳುತ್ತಾ? ಬೀಳುತ್ತೆ ಅಂದ್ರೆ ಒಂದನೇ ನಂಬರ್, ಅದಕ್ಕೆ ಬೆಳಗ್ಗಿನ ಮೊದಲ ಒಂದು ಗಂಟೆ, ಫೋನ್ ಬ್ಯಾಗಿನಲ್ಲಿ. ಮಿಕ್ಕಿದ ದಿನ ಬಾಸ್ ಹೇಳಿದ ಹಾಗೆ ಕುಣಿಯೋದೇ, ಅದನ್ನ ತಪ್ಪಿಸೋಕೆ ಯಾರಿಗೂ ಆಗಲ್ಲ.

ಚೀಟಿ ಬರೆಯೋದೇ ಮರೆತುಹೋದ್ರೆ ಅಂತ ಕೇಳಬಹುದು. ನನಗೂ ಮರೀತಿತ್ತು. ಪೀಟರ್ ಗಾಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲೇ ಹೇಳಿದಾರೆ, ಮಾಡ್ತೀನಿ ಅಂದ್ಕೊಂಡ್ರೆ ಸಾಲದು, ಇಂಥದ್ದು ಆದ ತಕ್ಷಣ ಇದನ್ನ ಮಾಡ್ತೀನಿ ಅಂತ ಗಂಟು ಹಾಕ್ಕೋಬೇಕು ಅಂತ. ಹಲ್ಲುಜ್ಜಿ ಬ್ರಷ್ ಇಟ್ಟ ತಕ್ಷಣ ಚೀಟಿ, ಇದು ನನ್ನ ಗಂಟು. ಚೀಟಿ ಪ್ಯಾಡೂ ಪೆನ್ಸಿಲ್ಲೂ ಬಾತ್‌ರೂಮಿನ ಬಾಗಿಲ ಪಕ್ಕದ ಶೆಲ್ಫಲ್ಲೇ ಇದೆ, ಪೆನ್ಸಿಲ್ಲಿಗೆ ದಾರ ಕಟ್ಟಿದೀನಿ, ಇಲ್ಲಾಂದ್ರೆ ಮಗಳು ಎತ್ಕೊಂಡು ಹೋಗ್ತಾಳೆ.

ಇನ್ನೊಂದು ಮಾತು, 5 ಗಂಟೆಗೆ ಏಳದೋರು ಸೋಮಾರಿಗಳು ಅನ್ನೋ ಥರ ಬರೆಯೋದು ದಯವಿಟ್ಟು ನಿಲ್ಲಿಸಿ. ನೈಟ್ ಶಿಫ್ಟ್ ಮುಗಿಸಿ ಆ ಹೊತ್ತಿಗೆ ಮಲಗೋರೂ ಪೇಪರ್ ಓದ್ತಾರೆ, ಕೈಗೂಸಿನ ತಾಯಂದಿರೂ ಓದ್ತಾರೆ, ಯಾರಿಗೆ ಯಾವ ಗಂಟೆ ತಮ್ಮದು ಅಂತ ಸಿಗುತ್ತೋ ಅದೇ ಅವರ ಬೆಳಗ್ಗೆ ಅಂತ ಬರೆದ್ರೆ ಗಂಟೇನು ಹೋಗುತ್ತೆ?

ಮುಂದಿನ ಪುರವಣಿಯಲ್ಲಿ ಆ 21ಕ್ಕೆ ಒಂದು ತಿದ್ದುಪಡಿ ಹಾಕಿ, ಸಣ್ಣಕ್ಷರದಲ್ಲಿ ಮೂಲೆಯಲ್ಲಿ ಹಾಕಿದ್ರೂ ಪರವಾಗಿಲ್ಲ. ಫ್ರಿಜ್ಜಿನ ಮೇಲಿದ್ದ ಕಟಿಂಗಿನಲ್ಲಿ ನಾನೇ ಪೆನ್ನಿಂದ 21 ಹೊಡೆದು 66 ಅಂತ ಬರೆದಿದ್ದೆ. ಬೆಳಗ್ಗೆ ಎದ್ದು ನೋಡಿದ್ರೆ ಅದರ ಕೆಳಗೆ ಹೆಂಡತಿ ಅಕ್ಷರದಲ್ಲಿ "ನಿಮಗೆ 254" ಅಂತ ಇತ್ತು.

ಇಂತಿ,
ನಿಮ್ಮ ಹಳೇ ಓದುಗ