ಅದು ಬಾಗಿಲ ನಂಬರಲ್ಲ

ಚಿತ್ರದುರ್ಗ

ಪುಟ್ಟಿ,

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಇರಲಿ. ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದೆಯಲ್ಲ, ‘ಆಟದಲ್ಲಿ ಸೋತವನೊಬ್ಬ ನನ್ನ ಐಪಿ ಕಳಿಸಿ, ನಿಮ್ಮನೆ ಗೊತ್ತು, ಬರ್ತೀನಿ ಅಂದ’ ಅಂತ, ನನ್ನ ಮನಸ್ಸು ಅಲ್ಲೇ ಸಿಕ್ಕಿಕೊಂಡಿದೆ.

ಆ ಐಪಿ ನಂಬರ್ ಹಿಡಿದುಕೊಂಡು ಅವನು ಬರಲಾರ. ಅದು ಇಂಟರ್ನೆಟ್ ಕಂಪನಿ ನಿಮ್ಮ ಲೈನಿಗೆ ಸದ್ಯಕ್ಕೆ ಕೊಟ್ಟ ಸಂಖ್ಯೆ. ನೀನು ತೆರೆಯುವ ಪ್ರತಿ ಜಾಲತಾಣಕ್ಕೂ ಅದು ಕಾಣಲೇಬೇಕು, ಇಲ್ಲದಿದ್ದರೆ ಉತ್ತರ ಯಾವ ಕಡೆ ಕಳಿಸುವುದು? ಅವನು ಕೊಟ್ಟ ಲಿಂಕ್ ಒತ್ತಿದೆ ಅಂದೆ, ಅಷ್ಟೇ ಸಾಕಾಯಿತು ಅವನಿಗೆ. ಸಿಕ್ಕಿದ್ದು ಏನು? ಕಂಪನಿಯ ಹೆಸರು, ರಾಜ್ಯ, ಅಂದಾಜಿಗೆ ಒಂದು ಊರು. ಅವನೇ ಕಳಿಸಿದ ಚಿತ್ರದಲ್ಲಿ ‘ಬೆಂಗಳೂರು’ ಅಂತಿದೆ. ನಿಮ್ಮ ದಾವಣಗೆರೆಯ ಲೈನು ದೊಡ್ಡ ಜಾಲಕ್ಕೆ ಸೇರುವುದು ಅಲ್ಲಾದರೆ ನಕ್ಷೆಯೂ ಅಲ್ಲೇ ಬೊಟ್ಟು ಮಾಡುತ್ತದೆ. ಸುಮಾರು 250 ಕಿಲೋಮೀಟರ್ ತಪ್ಪಿದವನು ನಿಮ್ಮ ಬೀದಿ ಹುಡುಕಿಯಾನೇ!

ಇನ್ನೊಂದು ಮಾತು. ಹಳೆಯ ಬಗೆಯ ಐಪಿ 32 ಬಿಟ್‌ನದು (ಸೊನ್ನೆ-ಒಂದುಗಳ 32 ಸ್ಥಾನ), ಒಟ್ಟು ಸುಮಾರು 430 ಕೋಟಿ ಸಂಖ್ಯೆ ಮಾತ್ರ. ನಮ್ಮ ಏಷ್ಯಾದ ಪಾಲು 2011ರ ಏಪ್ರಿಲ್‌ನಲ್ಲೇ ತಳ ಕಂಡಿತು. ಹಾಗಾಗಿ ಎಷ್ಟೋ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಸಂಖ್ಯೆಯ ಹಿಂದೆ ಕೂರಿಸುತ್ತವೆ, ಸಿಜಿನ್ಯಾಟ್ ಅನ್ನುತ್ತಾರೆ. ಬೇಕಾದರೆ ನೋಡು: ಬ್ರೌಸರಿನಲ್ಲಿ 192.168.1.1 ತೆರೆದರೆ (ರೂಟರಿನ ತಳದ ಚೀಟಿಯಲ್ಲಿ ಬೇರೆ ಇದ್ದರೆ ಅದು) ‘ವ್ಯಾನ್ ಐಪಿ’ ಅಂತ ಇರುತ್ತದೆ, ಕಂಪನಿ ನಿಮ್ಮ ರೂಟರಿಗೆ ಕೊಟ್ಟ ಸಂಖ್ಯೆ. ಅದು 100.64ರಿಂದ 100.127ರ ಒಳಗೆ ಶುರುವಾದರೆ ಅವನಲ್ಲಿರುವುದು ನಿಮ್ಮ ಮನೆಯೊಂದರದಲ್ಲ, ಪಕ್ಕದವರೂ ಅದರಲ್ಲೇ ಇರಬಹುದು. ಅವನು ಕಳಿಸಿದ್ದು ಕೋಲನ್ ಇರುವ ಉದ್ದನೆಯದಾದರೆ ಐಪಿವಿ6, ಹೊಸ ಬಗೆಯ ಐಪಿ. ಅದರ ಮೊದಲರ್ಧ ನಿಮ್ಮ ಲೈನಿಗೇ ಸೇರಿದ್ದು, ನಿಜ. ಆದರೂ ಅದರಲ್ಲಿ ಬಾಗಿಲ ನಂಬರ್ ಇಲ್ಲ.

ಯಾರ ಲೈನು ಅನ್ನುವುದು ಗೊತ್ತಿರುವುದು ಕಂಪನಿಗೆ. ಪೊಲೀಸರು ಕಾನೂನಿನ ಪ್ರಕಾರ ಕೇಳಿದರೆ ಅದು ಹೇಳಬೇಕು, ಆಟದಲ್ಲಿ ಸೋತವನಿಗಲ್ಲ.

ಬಾಗಿಲು ಅಂದೆನಲ್ಲ, ನನ್ನನ್ನು ಕಾಡುವ ಬಾಗಿಲು ಬೇರೆ. ನಿಮ್ಮನೆ ರೂಟರ್ ಕೂರಿಸಿದ ದಿನ ಬಸ್ಸಿಗೆ ತಡವಾಯಿತು ಅಂತ ಅದರ ಅಡ್ಮಿನ್ ಪಾಸ್‌ವರ್ಡ್ (ಸೆಟ್ಟಿಂಗ್ ತೆರೆಯುವುದು) ಬದಲಿಸದೆ ಬಂದುಬಿಟ್ಟೆ. ಇದೇ ಕೆಲಸ ಮಾಡಿ ತಲೆ ನರೆತವನು, ಅಷ್ಟು ಮಾಡಬೇಕಿತ್ತು. ಅದನ್ನೂ ವೈಫೈ ಪಾಸ್‌ವರ್ಡನ್ನೂ ಬದಲಿಸು, ಎರಡೂ ಬೇರೆಬೇರೆ ಇರಲಿ. ‘ರಿಮೋಟ್ ಮ್ಯಾನೇಜ್‌ಮೆಂಟ್’ (ಹೊರಗಿನಿಂದಲೇ ರೂಟರಿನ ಸೆಟ್ಟಿಂಗ್ ತೆರೆಯುವ ಸೌಲಭ್ಯ) ಆಫ್ ಇರಬೇಕು. ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನ ಸಂಪರ್ಕವನ್ನು ಮನೆಯೊಳಗಿನ ಸಾಧನಕ್ಕೆ ಬಿಡುವ ಪಟ್ಟಿಯಲ್ಲಿ ಹಳೆಯ ಸಿಸಿಟಿವಿಯದು ಏನಾದರೂ ಉಳಿದಿದ್ದರೆ ತೆಗೆ. ಹೊರಗಿನಿಂದ ತಟ್ಟಿದರೆ ತೆರೆಯುವುದು ಅಂಥದ್ದೇ. ಯುಪಿಎನ್‌ಪಿ (ಆಟ, ಆ್ಯಪ್‌ಗಳು ತಾವೇ ಇಂಥ ಬಾಗಿಲು ತೆರೆಸಿಕೊಳ್ಳುವ ಸೌಲಭ್ಯ) ಆಫ್ ಮಾಡಿದರೆ ಒಂದೊಂದು ಆಟದ ವಾಯ್ಸ್ ಕೈಕೊಡಬಹುದು, ಸಹಿಸಿಕೋ. ರೂಟರನ್ನು ಸ್ವಲ್ಪ ಹೊತ್ತು ಆರಿಸಿಟ್ಟರೆ ಸಂಖ್ಯೆಯೂ ಬದಲಾದೀತು, ಖಾತ್ರಿ ಇಲ್ಲ. ವಾಟ್ಸಾಪ್ ಕರೆಯಲ್ಲೂ ಎದುರಿನವನಿಗೆ ಐಪಿ ಕಾಣಬಹುದು. ಪ್ರೈವೆಸಿಯ ಒಳಗೆ ಅಡ್ವಾನ್ಸ್‌ಡ್‌ನಲ್ಲಿ ಅದನ್ನು ಮರೆಮಾಡುವ ಗುಂಡಿ ಇದೆ. ಮಾತು ಸ್ವಲ್ಪ ಒಡೆಯಬಹುದು.

ವಿಪಿಎನ್, ಅಂದರೆ ಬೇರೊಬ್ಬರ ಸರ್ವರ್ ಮೂಲಕ ಹಾದು ನಿನ್ನ ಐಪಿ ಮರೆಮಾಡುವ ಸೇವೆ, ಅದರ ಬಗ್ಗೆ ಕೇಳಿದ್ದೀಯ. ಹಾಕಿಕೋ ಬೇಕಾದರೆ, ಆದರೆ ಕಂಪನಿಯ ಮೇಲಿದ್ದ ನಂಬಿಕೆಯನ್ನು ವಿಪಿಎನ್‌ನವನ ಮೇಲೆ ಇಟ್ಟಂತಾಯಿತು, ಅಷ್ಟೇ. ಪುಕ್ಕಟೆಯದು ಬೇಡ.

ಮತ್ತೆ ಅಲ್ಲಿಗೇ ಬರುತ್ತೇನೆ. ಅವನಿಗೆ ನಿಜವಾಗಿ ಮನೆ ಗೊತ್ತಿದ್ದರೆ ಬೀದಿಯ ಹೆಸರೇ ಬರೆಯುತ್ತಿದ್ದ. ಒಂದು ವೇಳೆ ಬರೆದರೆ ಅದು ಐಪಿಯಿಂದ ಸಿಕ್ಕಿದ್ದಲ್ಲ. ನಿನ್ನ ಪ್ರೊಫೈಲಿನ ಕಾಲೇಜಿನ ಹೆಸರು, ಗೇಟಿನ ಮುಂದೆ ಸ್ಕೂಟಿ ಜೊತೆ ನಿಂತ ಫೋಟೋ, ಅವುಗಳಿಂದ. ಆ ಫೋಟೋ ಇವತ್ತೇ ತೆಗೆ. ಬೈಯುತ್ತಿಲ್ಲ ಮಗಳೇ.

ಅವನ ಮಾತಿಗೆ ಉತ್ತರಿಸಬೇಡ, ಅಳಿಸಲೂ ಬೇಡ. ಸ್ಕ್ರೀನ್‌ಶಾಟ್, ಲಿಂಕ್, ಅವನ ಹೆಸರು, ದಿನಾಂಕ, ಗಂಟೆ ನಿಮಿಷ ಇಟ್ಟುಕೋ. ನೂರಾರು ಜನರ ಹಿಂದೆ ಅವನೂ ಒಂದೇ ಸಂಖ್ಯೆಯಲ್ಲಿ ಅಡಗಿದ್ದರೆ ಹೊತ್ತು ಸರಿಯಿಲ್ಲದೆ ಕಂಪನಿಗೂ ಹೆಕ್ಕಲಾಗದು. ಇನ್ನೊಮ್ಮೆ ಬೆದರಿಸಿದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕೋಣ. ಯಾರಾದರೂ ಬಾಗಿಲಿಗೇ ಬಂದರೆ 112.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ರೂಟರಿನ ಪುಟ ಅಷ್ಟರಲ್ಲಿ ತೆರೆಯದಿದ್ದರೆ ಹಾಗೇ ಬಿಡು, ನಾನೇ ನೋಡುತ್ತೇನೆ.

ನಿನ್ನ ಮಾವ